ಶಿವಗಂಗೋತ್ರಿಯ ಲೆಕ್ಕ ಪೇಟೆಗೆ ಇಳಿಯಲಿ

ಕಾಲೇಜುಗಳಿಂದ ಪತ್ರಿಕಾ ಕಚೇರಿಗೆ ಬರುವ ಪ್ರಕಟಣೆಗಳಿಗೆ ಒಂದು ಸಿದ್ಧ ಅಚ್ಚಿದೆ. ‘ಡೇಟಾ ಸೈನ್ಸ್ ಕುರಿತು ಒಂದು ದಿನದ ಕಾರ್ಯಾಗಾರ’ ಎಂಬ ತಲೆಬರಹ. ಫೋಟೊದಲ್ಲಿ ಎಂಟು ಮಂದಿ, ನಡುವೆ ದೀಪ, ಹಿಂದೆ ಬ್ಯಾನರ್. ಉದ್ಘಾಟಿಸಿದವರು ಡೇಟಾ ಈ ಯುಗದ ಇಂಧನ ಎಂದಿರುತ್ತಾರೆ. ಅಧ್ಯಕ್ಷತೆ ವಹಿಸಿದವರು ವಿದ್ಯಾರ್ಥಿಗಳು ಇದರ ಸದುಪಯೋಗ ಪಡೆಯಬೇಕು ಎಂದಿರುತ್ತಾರೆ. ಪ್ರಾರ್ಥಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಯಾರ ಹೆಸರೂ ಬಿಟ್ಟುಹೋಗಿರುವುದಿಲ್ಲ. ಆ ದಿನ ಯಾವ ಊರಿನ ಯಾವ ಅಂಕಿ ಇಟ್ಟುಕೊಂಡು ಏನು ಕಂಡುಕೊಂಡರು ಎಂಬುದಷ್ಟೇ ಇರುವುದಿಲ್ಲ.

ಅದೇ ಪತ್ರಿಕೆಯ ಇನ್ನೊಂದು ಮೂಲೆಯಲ್ಲಿ, ಮಳೆಗಾಲ ಬಂತೆಂದರೆ, ಬೆರಳಗಲದ ಜಾಗದಲ್ಲಿ ಭದ್ರಾ ಜಲಾಶಯದ ಮಟ್ಟ ಅಚ್ಚಾಗುತ್ತದೆ. ಗರಿಷ್ಠ 186 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಕಳೆದ ವರ್ಷ ಇದೇ ದಿನ ಇಷ್ಟು. ದಾವಣಗೆರೆ, ಹರಿಹರ ತಾಲ್ಲೂಕುಗಳ ಭತ್ತದ ರೈತ ಮೊದಲು ಕಣ್ಣಾಡಿಸುವುದು ಅಲ್ಲಿಗೆ. ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ಈ ವಾರ ಎಷ್ಟು ಏರಿತು, ಹೋದ ವರ್ಷಕ್ಕಿಂತ ಎಷ್ಟು ಹಿಂದೆ ಬಿದ್ದಿದೆ, ಹೀಗೇ ಮುಂದುವರಿದರೆ ನಾಲೆಯ ಕೊನೆ ಭಾಗಕ್ಕೆ ನೀರು ಮುಟ್ಟೀತೆ ಎಂದು ಅವನು ಚಹಾ ಅಂಗಡಿಯಲ್ಲಿ ಕೂತು ಲೆಕ್ಕ ಹಾಕುತ್ತಾನೆ. ಕಾರ್ಯಾಗಾರದ ಮಧ್ಯಾಹ್ನದ ಗೋಷ್ಠಿಯಲ್ಲಿ ‘ಟೈಮ್ ಸೀರೀಸ್’ ಎಂದು ಹೇಳಿಕೊಟ್ಟಿದ್ದು ಇದನ್ನೇ. ಒಂದೇ ಊರಿನ ಈ ಎರಡು ಲೆಕ್ಕದ ಕೋಣೆಗಳ ನಡುವೆ ಬಾಗಿಲಿಲ್ಲ.

ಆ ಬಾಗಿಲು ತೆರೆಯುವುದನ್ನೇ ಒಬ್ಬರ ಪೂರ್ಣಾವಧಿ ಕೆಲಸವನ್ನಾಗಿ ಮಾಡಬೇಕು. ದಾವಣಗೆರೆಯಲ್ಲಿ ಅದಕ್ಕೆ ಬೇಕಾದ ಸರಂಜಾಮು ಕಡಿಮೆ ಏನಿಲ್ಲ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯವಿದೆ. ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಎರಡೂ ವಿಭಾಗಗಳು ಅಲ್ಲಿವೆ. 1951ರ ಯುಬಿಡಿಟಿ, 1979ರ ಬಿಐಇಟಿ, 2001ರಲ್ಲಿ ಶುರುವಾಗಿ ಈಗ ವಿಶ್ವವಿದ್ಯಾಲಯವೇ ಆಗಿರುವ ಜಿಎಂ ಸಂಸ್ಥೆ, ಹೀಗೆ ಇಂಜಿನಿಯರಿಂಗ್ ಕಲಿಸುವ ತಾಣಗಳ ಸಾಲೇ ಇದೆ. ವಿಟಿಯು ಕಾಲೇಜುಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಸಿಇಟಿ ಸೀಟಿಗೆ ನೂಕುನುಗ್ಗಲು ಇರುವ ಶಾಖೆಗಳಲ್ಲಿ ಡೇಟಾ ಸೈನ್ಸ್, ಎಐ ಹೆಸರು ಹೊತ್ತವೂ ಸೇರಿವೆ. ಇಷ್ಟೆಲ್ಲ ಇದ್ದೂ ಹೊರಗಿನವರಿಗೆ ತಲುಪುವ ಮಾತು ಎರಡೇ: ಉದ್ಘಾಟನೆಯ ಫೋಟೊ, ಕೌನ್ಸೆಲಿಂಗ್ ಹೊತ್ತಿನ ಪ್ಲೇಸ್‌ಮೆಂಟ್ ಪ್ಯಾಕೇಜಿನ ಫ್ಲೆಕ್ಸು. ಮೊದಲನೆಯದು ಶಿಷ್ಟಾಚಾರ, ಎರಡನೆಯದು ವ್ಯಾಪಾರ. ಎರಡೂ ತಪ್ಪಲ್ಲ. ಆದರೆ ವಿಶ್ವವಿದ್ಯಾಲಯದ ಲೆಕ್ಕ ಜನರಿಗೆ ಮುಟ್ಟುವುದು ಅಂದರೆ ಇವೆರಡೇ ಎಂದು ನಂಬಿ ಕೂತಿರುವುದು ತಪ್ಪು.

ಕೃಷಿ ವಿಶ್ವವಿದ್ಯಾಲಯಗಳು ಈ ತಪ್ಪು ಮಾಡಲಿಲ್ಲ. ಅಲ್ಲಿ ಬೋಧನೆ, ಸಂಶೋಧನೆ, ವಿಸ್ತರಣೆ ಎಂದು ಮೂರು ಕಾಲುಗಳು. ವಿಸ್ತರಣೆಗೆ ಪ್ರತ್ಯೇಕ ನಿರ್ದೇಶಕರು, ಪ್ರತ್ಯೇಕ ಸಿಬ್ಬಂದಿ, ಪ್ರತ್ಯೇಕ ಬಜೆಟ್. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಪುದುಚೇರಿಯಲ್ಲಿ 1974ರಲ್ಲಿ ಶುರುವಾಯಿತು. ಇವತ್ತು ದಾವಣಗೆರೆಗೂ ತನ್ನದೇ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಸಂಶೋಧನಾ ಕೇಂದ್ರವಿದೆ. ಹೊಸ ತಳಿ ಬಂದರೆ ವಿಜ್ಞಾನಿ ಪ್ರಬಂಧ ಬರೆದು ಸುಮ್ಮನಾಗುವಂತಿಲ್ಲ. ಯಾರೋ ಒಬ್ಬರು ಅದನ್ನು ರೈತನ ಹೊಲದಲ್ಲಿ ಬೆಳೆದು ತೋರಿಸಲೇಬೇಕು. ಅಷ್ಟೇ ಮುಖ್ಯವಾಗಿ, ರೈತ ‘ಇದು ನಮ್ಮ ಮಣ್ಣಿಗೆ ಆಗಲಿಲ್ಲ’ ಎಂದರೆ ಆ ಮಾತು ವಾಪಸು ಪ್ರಯೋಗಾಲಯಕ್ಕೆ ಹೋಗಬೇಕು. ಭತ್ತಕ್ಕೆ ಇರುವ ಈ ವ್ಯವಸ್ಥೆ ಡೇಟಾಕ್ಕೆ ಏಕಿಲ್ಲ?

ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲೂ ವಿಸ್ತರಣೆ ಕಾಗದದ ಮೇಲೆ ಇದೆ ಅನ್ನಿ. ನ್ಯಾಕ್ ಮೌಲ್ಯಮಾಪನದ ಮೂರನೇ ಮಾನದಂಡದಲ್ಲಿ ಸಂಶೋಧನೆ, ನಾವೀನ್ಯದ ಜತೆಗೇ ವಿಸ್ತರಣೆಯೂ ಸೇರಿದೆ. ಅದಕ್ಕೆ ಕಾಲೇಜುಗಳು ಒದಗಿಸುವ ಸಾಕ್ಷ್ಯ ಎನ್‌ಎಸ್‌ಎಸ್ ಶಿಬಿರ, ಗಿಡ ನೆಡುವುದು, ರಕ್ತದಾನ, ಜಾಥಾ. ಫೋಟೊದಲ್ಲಿ ಅಕ್ಷಾಂಶ ರೇಖಾಂಶ ಮುದ್ರಿತವಾಗಿದ್ದರೆ ಮುಗಿಯಿತು. ಶಿಬಿರ ನಡೆದ ಹಳ್ಳಿಯ ಭೂಪಟದ ನೆಲೆ ಕಡತದಲ್ಲಿ ಸುರಕ್ಷಿತವಾಗಿರುತ್ತದೆ, ಹಳ್ಳಿಗೆ ಏನು ದಕ್ಕಿತು ಎಂಬುದಕ್ಕೆ ಮಾತ್ರ ಅಲ್ಲಿ ಅಂಕಣವಿಲ್ಲ.

ಅಂಕಿ-ಅಂಶದ ಕೆಲಸದಲ್ಲಿ ಸಂವಹನ ಕೊನೆಗೆ ಹಚ್ಚುವ ಬಣ್ಣವಲ್ಲ. ಬೇರೆ ವಿಜ್ಞಾನಕ್ಕೂ ಇದಕ್ಕೂ ಇಲ್ಲಿ ಒಂದು ವ್ಯತ್ಯಾಸವಿದೆ. ನಕ್ಷತ್ರ ನೋಡುವವನು ನಕ್ಷತ್ರಕ್ಕೆ ಉತ್ತರ ಹೇಳಬೇಕಿಲ್ಲ. ಡೇಟಾ ತಂಡ ಎಣಿಸುವುದು ಜನರನ್ನು, ಅವರ ಜ್ವರವನ್ನು, ಅವರ ಬೆಳೆಯನ್ನು, ಅವರ ಬೀದಿಯನ್ನು. ಅಂಕಿ ಕೊಟ್ಟವರಿಗೆ ಅದು ಏಕೆ ಬೇಕು ಎಂದು ಮೊದಲೇ ಹೇಳದಿದ್ದರೆ ಅಂಕಿಯೇ ಸಿಗುವುದಿಲ್ಲ, ಸಿಕ್ಕರೂ ಸರಿಯಿರುವುದಿಲ್ಲ.

ಇದಕ್ಕೆ ದೂರ ಹೋಗಬೇಕಿಲ್ಲ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಜಾತಿ ಗಣತಿ ಎಂದೇ ಜನ ಕರೆಯುವ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಅದಕ್ಕೂ ಮೊದಲೇ ಮನೆ ಮನೆಗೆ ಮೀಟರ್ ರೀಡರ್‌ಗಳು ಬಂದು ಸ್ಟಿಕ್ಕರ್ ಅಂಟಿಸಿ ಹೋದರು. ಕರೆಂಟ್ ಮೀಟರಿಗೂ ಜಾತಿಗೂ ಏನು ಸಂಬಂಧ ಎಂಬ ಪ್ರಶ್ನೆ ಎದ್ದದ್ದು ಸಹಜ. ಮನೆ ಬಿಟ್ಟುಹೋಗದಂತೆ, ಎರಡು ಸಲ ಎಣಿಕೆಯಾಗದಂತೆ ಗುರುತು ಹಾಕಲು ವಿದ್ಯುತ್ ಸಂಪರ್ಕವನ್ನು ಆಧಾರ ಮಾಡಿಕೊಂಡದ್ದು ಲೆಕ್ಕದ ದೃಷ್ಟಿಯಿಂದ ಜಾಣ ಉಪಾಯವೇ. ಆದರೆ ಉಪಾಯ ಸ್ಟಿಕ್ಕರ್‌ಗಿಂತ ಮುಂಚೆ ಮನೆ ತಲುಪಲಿಲ್ಲ. 60 ಪ್ರಶ್ನೆಗಳ ಪಟ್ಟಿ ಹಿಡಿದು ಶಿಕ್ಷಕರು ಬಾಗಿಲಲ್ಲಿ ನಿಂತಾಗ ಆಪ್ ಕೈಕೊಟ್ಟಿತು, ಮನೆಯವರು ಗೊಂದಲಗೊಂಡರು. ಭಾಗವಹಿಸುವುದು ಐಚ್ಛಿಕ, ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಸೆಪ್ಟೆಂಬರ್ 25ರಂದು ಹೇಳಬೇಕಾಯಿತು. ಇದೇ ಎರಡು ಸಂಗತಿಗಳನ್ನು ಸರ್ಕಾರವೇ ತಿಂಗಳು ಮೊದಲು ಸರಳವಾಗಿ ಮನೆ ಮನೆಗೆ ತಿಳಿಸಬಹುದಿತ್ತು. ದಾವಣಗೆರೆಗೆ ಇದು ಇನ್ನೂ ಹತ್ತಿರದ ವಿಷಯ. 2015ರ ಹಳೆಯ ಸಮೀಕ್ಷೆಯ ಬಗ್ಗೆ 2023ರ ಡಿಸೆಂಬರ್‌ನಲ್ಲಿ ವೀರಶೈವ ಮಹಾಸಭಾದ ಅಧಿವೇಶನ ಆಕ್ಷೇಪ ಎತ್ತಿದ್ದು ಇದೇ ಊರಿನಲ್ಲಿ. ಆ ರಾಜಕೀಯ ಬೇರೆ. ಅದರೊಳಗೆ ಒಂದು ಶುದ್ಧ ಸಂಖ್ಯಾಶಾಸ್ತ್ರದ ಪ್ರಶ್ನೆಯೂ ಇತ್ತು: ಎಷ್ಟು ಮನೆ ಬಿಟ್ಟುಹೋದರೆ ಒಂದು ಗಣತಿ ನಂಬಿಕೆ ಕಳೆದುಕೊಳ್ಳುತ್ತದೆ? ಅದಕ್ಕೆ ಪಕ್ಷ, ಪಂಗಡ ಬಿಟ್ಟು ಉತ್ತರ ಹೇಳಬಲ್ಲವರು ಯಾವುದೇ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಇರುತ್ತಾರೆ. ಅಂಥವರನ್ನು ಊರಿನ ಎದುರು ಕೂರಿಸುವ ಏರ್ಪಾಡೇ ಇರಲಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿನ ಎಐ ಮತ್ತು ರೊಬೊಟಿಕ್ಸ್ ಕೇಂದ್ರವಾದ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುವ ‘ವಾಣಿ’ ಯೋಜನೆಯ ಗುರಿ ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಹೆಚ್ಚು ಮಾತು ಸಂಗ್ರಹಿಸುವುದು. ಒಂದು ಚಿತ್ರ ತೋರಿಸುತ್ತಾರೆ, ಜನ ತಮ್ಮದೇ ಮಾತಿನಲ್ಲಿ ಅದನ್ನು ಬಣ್ಣಿಸುತ್ತಾರೆ. ಇಲ್ಲಿ ಹಳ್ಳಿಗೆ ಹೋಗಿ, ಕೂತು, ನಿಮ್ಮ ದನಿ ಯಾಕೆ ಬೇಕು, ಅದು ಎಲ್ಲಿ ಹೋಗುತ್ತದೆ ಎಂದು ವಿವರಿಸುವವನಿಲ್ಲದೆ ಒಂದು ಗಂಟೆಯ ಧ್ವನಿಯೂ ದಕ್ಕುವುದಿಲ್ಲ. ಜನಸಂಪರ್ಕವೇ ಅಲ್ಲಿ ಸಂಶೋಧನೆಯ ಮೊದಲ ಹೆಜ್ಜೆ. ಹರಿಹರದ ಸಂತೆಯಲ್ಲಿ ಕೇಳುವ ಕನ್ನಡ ಮೈಸೂರಿನದೂ ಅಲ್ಲ, ಧಾರವಾಡದ್ದೂ ಅಲ್ಲ. ಎರಡರ ನಡುವಿನ ತನ್ನದೇ ಎಳೆ. ನಾಳೆ ಕೃಷಿ ಸಹಾಯವಾಣಿಯ ಯಂತ್ರ ಆ ಎಳೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಯಾರೋ ಇವತ್ತು ಸಂತೆಗೆ ಹೋಗಲೇಬೇಕು.

ಅಂಕಿ ಸಂಗ್ರಹಿಸಿ ಆಯಿತು, ಫಲಿತಾಂಶ ಬಂತು ಎಂದಿಟ್ಟುಕೊಳ್ಳಿ. ಅದನ್ನು ಹೇಳುವುದು ಇನ್ನೂ ಕಷ್ಟ. ಯಾಕೆಂದರೆ ಡೇಟಾದ ಉತ್ತರ ಬಹುತೇಕ ಒಂದು ಸಂಖ್ಯೆಯಲ್ಲ, ಒಂದು ವ್ಯಾಪ್ತಿ. ಇಷ್ಟರಿಂದ ಇಷ್ಟರೊಳಗೆ ಇರಬಹುದು, ಇಷ್ಟು ಖಚಿತತೆಯಿಂದ, ಅಷ್ಟೆ. ಪತ್ರಿಕೆಗೆ ಬೇಕಾದ್ದು ಒಂದೇ ಸಂಖ್ಯೆ. ರಾಜಕಾರಣಿಗೆ ಬೇಕಾದ್ದು ತನಗೆ ಒಪ್ಪುವ ತುದಿ. ಜನಸಾಮಾನ್ಯರಿಗೆ ಈ ಅನಿಶ್ಚಿತತೆ ಅರ್ಥವಾಗುವುದಿಲ್ಲ ಎಂಬ ನೆಪ ಸಾಮಾನ್ಯ. ಹರಿಹರದಲ್ಲಿ ಈ ನೆಪ ನಡೆಯದು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕುವವರೆಗೆ ಆರು ದಶಕ ಲೇತ್ ಯಂತ್ರ ತಯಾರಿಸಿತು. ಅಲ್ಲಿ ದುಡಿದ ಟರ್ನರ್, ಫಿಟ್ಟರ್‌ಗಳಿಗೆ ಡ್ರಾಯಿಂಗ್‌ನಲ್ಲಿ 25 ಮಿಲಿಮೀಟರ್ ಎಂದಷ್ಟೇ ಬರೆದರೆ ಅದು ಅರ್ಧ ಮಾತು. ಪ್ಲಸ್ ಎಷ್ಟು, ಮೈನಸ್ ಎಷ್ಟು ಎಂದು ಪಕ್ಕದಲ್ಲಿ ಇರಲೇಬೇಕು. ಎಷ್ಟು ಹೆಚ್ಚುಕಡಿಮೆಯಾದರೆ ತುಂಡು ಪಾಸು, ಎಷ್ಟಾದರೆ ರಿಜೆಕ್ಟು ಎಂಬುದು ಅವರ ಅನ್ನದ ಪ್ರಶ್ನೆಯಾಗಿತ್ತು. ಆ ಕುಟುಂಬಗಳ ಊರಿನಲ್ಲಿ ನಿಂತು ‘ನಮ್ಮ ಅಂದಾಜು ಇಷ್ಟು, ಟಾಲರೆನ್ಸ್ ಇಷ್ಟು’ ಎಂದರೆ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ಹೇಳುವವನಿಗೆ ಊರಿನ ಈ ಇತಿಹಾಸ ಗೊತ್ತಿರಬೇಕು, ಅಷ್ಟೇ.

ಇನ್ನೊಂದು ನಂಟನ್ನೂ ಇಲ್ಲಿ ನೆನೆಯಬಹುದು. ತುಂಗಭದ್ರೆ ಹರಿಹರ ದಾಟಿ ಹರಿಯುವ ದಿಕ್ಕಿನಲ್ಲೇ ಹೂವಿನಹಡಗಲಿ ಇದೆ. 1920ರ ಸೆಪ್ಟೆಂಬರ್ 10ರಂದು ಸಿ.ಆರ್. ರಾವ್ ಹುಟ್ಟಿದ್ದು ಅಲ್ಲಿ. 1945ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಒಂದು ಮುಖ್ಯ ಫಲಿತಾಂಶ ಇದು: ಕೈಯಲ್ಲಿರುವ ಮಾಹಿತಿ ಇಷ್ಟೇ ಆದರೆ, ಎಂಥ ಜಾಣ ಲೆಕ್ಕ ಹಾಕಿದರೂ ಅಂದಾಜಿನ ತಪ್ಪು ಒಂದು ಮಿತಿಗಿಂತ ಕೆಳಗಿಳಿಯುವುದಿಲ್ಲ. ಕ್ರಾಮರ್-ರಾವ್ ಮಿತಿ ಎಂದು ಜಗತ್ತೆಲ್ಲ ಕಲಿಯುವುದು ಇದನ್ನೇ. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು, ಅದೇ ಆಗಸ್ಟ್‌ನಲ್ಲಿ 102ರ ವಯಸ್ಸಿನಲ್ಲಿ ತೀರಿಕೊಂಡರು. ತೆಲುಗು ಮನೆಮಾತಿನ ಕುಟುಂಬ, ಬಾಲ್ಯದಲ್ಲೇ ಆಂಧ್ರದ ಕಡೆ ಓದು, ಆಮೇಲೆ ಕಲ್ಕತ್ತ, ಅಮೆರಿಕ; ಹಾಗಾಗಿ ಕರ್ನಾಟಕ ಅವರನ್ನು ತನ್ನವರೆಂದು ಹೇಳಿಕೊಳ್ಳಲು ಅಷ್ಟಾಗಿ ಮುಂದಾಗಲಿಲ್ಲ. ಚುರುಕಾದ ಒಂದು ಸಂಪರ್ಕ ವಿಭಾಗ ಇದ್ದಿದ್ದರೆ ದಾವಣಗೆರೆ, ಹರಿಹರ, ಹರಪನಹಳ್ಳಿಯ ಪ್ರೌಢಶಾಲೆಗಳಿಗೆ ಇದೊಂದು ಸಿದ್ಧ ಪಾಠವಾಗಿರುತ್ತಿತ್ತು.

ಅಂದಾಜನ್ನು ಹೇಳುವ ರೀತಿ ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೋವಿಡ್ ಕಾಲವನ್ನು ನೋಡಬೇಕು. 2020ರ ಸೆಪ್ಟೆಂಬರ್‌ನಲ್ಲಿ ನಡೆದ ರಾಜ್ಯದ ಮೊದಲ ಸೀರೊ ಸಮೀಕ್ಷೆ ಜನಸಂಖ್ಯೆಯ ಶೇ 27.3ರಷ್ಟು, ಅಂದರೆ ಸುಮಾರು 1.93 ಕೋಟಿ ಮಂದಿಗೆ ಸೋಂಕು ತಗುಲಿದೆ ಎಂದು ಅಂದಾಜಿಸಿತು. ಆಗ ಪರೀಕ್ಷೆಯಲ್ಲಿ ಪತ್ತೆಯಾಗಿದ್ದವರು ಸುಮಾರು ಐದು ಲಕ್ಷ. ಎರಡೂ ಅಂಕಿ ಸರಿ. ಒಂದು ಎಣಿಸಿದ್ದು, ಇನ್ನೊಂದು ಕೆಲವರ ರಕ್ತ ಪರೀಕ್ಷಿಸಿ ಊಹಿಸಿದ್ದು. ನಡುವಿನ ಕೋಟಿಗಟ್ಟಲೆ ಅಂತರವನ್ನು ಮುಚ್ಚಿಟ್ಟ ಲೆಕ್ಕ ಎಂದು ಓದಿಕೊಳ್ಳುವುದು ಬಲು ಸುಲಭ. ಬಹುಪಾಲು ಮಂದಿಗೆ ಲಕ್ಷಣವೇ ಇರಲಿಲ್ಲ, ಅವರು ಪರೀಕ್ಷೆಗೇ ಬಂದಿರಲಿಲ್ಲ ಎಂದು ಬಿಡಿಸಿ ಹೇಳುವುದು ಕಷ್ಟ. ರಾಜ್ಯಮಟ್ಟದ ಸುದ್ದಿಗೋಷ್ಠಿಯಲ್ಲಿ ಒಂದು ಸಲ ಹೇಳಿದರೆ ಅದು ಜಿಲ್ಲೆಯ ಬೀದಿಗೆ ಇಳಿಯುವುದಿಲ್ಲ. ಜಿಲ್ಲೆಯಲ್ಲೇ ಒಬ್ಬರು ಬೇಕು. ಪ್ರಶ್ನೆ ಕೇಳಿದರೆ ಫೋನ್ ಎತ್ತುವಂಥವರು.

ಇಟಲಿಯ ಲಾಕ್ವಿಲಾ ಪಟ್ಟಣದ ಕತೆ ಇದಕ್ಕಿಂತ ಘೋರ. 2009ರ ಆರಂಭದಲ್ಲಿ ಅಲ್ಲಿ ಸಣ್ಣ ಸಣ್ಣ ಕಂಪನಗಳು ಆಗುತ್ತಲೇ ಇದ್ದವು. ಮಾರ್ಚ್ 31ರಂದು ತಜ್ಞರ ಸಭೆ ನಡೆಯಿತು. ದೊಡ್ಡ ಭೂಕಂಪ ಆಗಿಯೇ ತೀರುತ್ತದೆ ಎನ್ನಲು ಆಧಾರವಿಲ್ಲ, ಆಗುವುದೇ ಇಲ್ಲ ಎನ್ನಲೂ ಆಗದು ಎಂಬುದು ವಿಜ್ಞಾನದ ನಿಲುವು. ಟಿವಿ ಕ್ಯಾಮೆರಾದ ಮುಂದೆ ನಿಂತ ಅಧಿಕಾರಿಯೊಬ್ಬರ ಬಾಯಲ್ಲಿ ಅದು ‘ನೆಮ್ಮದಿಯಾಗಿರಿ’ ಎಂಬರ್ಥದ ಮಾತಾಯಿತು. ಏಪ್ರಿಲ್ 6ರ ನಸುಕಿನಲ್ಲಿ ನೆಲ ನಡುಗಿ 309 ಮಂದಿ ಸತ್ತರು. 2012ರಲ್ಲಿ ಆರು ವಿಜ್ಞಾನಿಗಳು ಮತ್ತು ಆ ಅಧಿಕಾರಿಗೆ ಕೋರ್ಟ್ ಜೈಲು ಶಿಕ್ಷೆ ವಿಧಿಸಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಜ್ಞಾನಿಗಳನ್ನು ಬಿಡುಗಡೆ ಮಾಡಿತು, ಅಧಿಕಾರಿಯ ಶಿಕ್ಷೆಯನ್ನು ತಗ್ಗಿಸಿತು. ಭೂಕಂಪ ಮುನ್ಸೂಚಿಸಲಿಲ್ಲ ಎಂಬುದು ಅಲ್ಲಿ ಆರೋಪವೇ ಆಗಿರಲಿಲ್ಲ. ಜನರಿಗೆ ಏನು ಹೇಳಿದಿರಿ ಎಂಬುದೇ ಪ್ರಶ್ನೆ. ತಜ್ಞರು ಕೊಠಡಿಯೊಳಗೆ ಮಾತಾಡಿ, ಹೇಳುವ ಕೆಲಸವನ್ನು ಬೇರೆಯವರ ಬಾಯಿಗೆ ಬಿಟ್ಟದ್ದರ ಫಲ ಅದು.

ದಾವಣಗೆರೆಯಲ್ಲಿ ಭೂಕಂಪದ ಭಯವಿಲ್ಲ, ಮೆಕ್ಕೆಜೋಳದ್ದಿದೆ. ರಾಜ್ಯದಲ್ಲಿ ಮೆಕ್ಕೆಜೋಳಕ್ಕೆ ಹೆಸರಾದ ಜಿಲ್ಲೆಗಳಲ್ಲಿ ಇದು ಮುಂಚೂಣಿಯಲ್ಲಿದೆ. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ನವೆಂಬರ್‌ನಲ್ಲಿ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು, ಖರೀದಿ ಕೇಂದ್ರಕ್ಕಾಗಿ ರೈತರು ರಸ್ತೆಗಿಳಿದರು. ಈಗ ಸ್ಥಳೀಯ ಡೇಟಾ ತಂಡವೊಂದು ಹಳೆಯ ಆವಕ, ಮಳೆ, ಕೋಳಿ ಆಹಾರದ ಬೇಡಿಕೆ, ಎಥನಾಲ್ ಖರೀದಿ ಎಲ್ಲವನ್ನೂ ಸೇರಿಸಿ ಬೆಲೆ ಅಂದಾಜಿಸುವ ಮಾದರಿ ಕಟ್ಟಿತು ಅನ್ನೋಣ. ವಿದ್ಯಾರ್ಥಿ ಯೋಜನೆಗೆ ಹೇಳಿ ಮಾಡಿಸಿದ ವಿಷಯ, ಅಂಕವೂ ಚೆನ್ನಾಗಿ ಬರುತ್ತದೆ. ಆ ಅಂದಾಜನ್ನು ಹೊರಗೆ ಬಿಡಬೇಕೆ?

‘ಜನವರಿಯಲ್ಲಿ ಬೆಲೆ ಏರುತ್ತದೆ’ ಎಂದು ವಿಶ್ವವಿದ್ಯಾಲಯದ ಹೆಸರಿನಲ್ಲಿ ಸುದ್ದಿಯಾದರೆ, ಗೋದಾಮು ಇದ್ದವನು ಮಾಲು ಹಿಡಿದಿಡುತ್ತಾನೆ. ಕಣದಲ್ಲೇ ತಾಡಪಾಲು ಹೊದಿಸಿ ಕೂತ ಸಣ್ಣ ರೈತ ಕೂಡ ಹಿಡಿದಿಡಲು ನೋಡುತ್ತಾನೆ. ಮಳೆ ಹನಿದರೆ ತೇವಾಂಶ ಏರಿ ಅವನ ಮಾಲು ದರ್ಜೆ ಕಳೆದುಕೊಳ್ಳುತ್ತದೆ. ಎಲ್ಲರೂ ಜನವರಿಗೇ ಕಾದು ಒಟ್ಟಿಗೆ ತಂದರೆ ಏರಬೇಕಿದ್ದ ಬೆಲೆ ಇಳಿಯುತ್ತದೆ. ಅಂದಾಜು ಹೊರಬಿದ್ದದ್ದೇ ಅಂದಾಜನ್ನು ಸುಳ್ಳು ಮಾಡುತ್ತದೆ. ಮಳೆಗೆ ಈ ಗುಣವಿಲ್ಲ, ನಾಳೆ ಬರುತ್ತೇನೆಂದು ಪತ್ರಿಕೆಯಲ್ಲಿ ಓದಿ ಮೋಡ ಮನಸ್ಸು ಬದಲಿಸುವುದಿಲ್ಲ. ಪೇಟೆ ಬದಲಿಸುತ್ತದೆ. ಹಾಗಾದರೆ ಏನು ಹೇಳಬೇಕು, ಯಾರಿಗೆ, ಯಾವಾಗ, ಯಾವ ಎಚ್ಚರಿಕೆ ಜತೆಗೆ? ಒಂದೇ ಬೆಲೆ ಹೇಳದೆ, ಕಳೆದ ಹತ್ತು ವರ್ಷಗಳಲ್ಲಿ ಕಾದವರಿಗೆ ಎಷ್ಟು ಸಲ ಲಾಭವಾಯಿತು, ಎಷ್ಟು ಸಲ ನಷ್ಟವಾಯಿತು ಎಂದು ತೋರಿಸಿ, ನಿರ್ಧಾರ ರೈತನಿಗೇ ಬಿಡುವುದು ಮೇಲು ಎಂದು ಕಾಣುತ್ತದೆ. ಇದು ಕೋಡ್ ಬರೆಯುವವನು ಸಂಜೆ ಬಿಡುವಿನಲ್ಲಿ ತೀರ್ಮಾನಿಸುವ ವಿಷಯವಲ್ಲ. ಎಪಿಎಂಸಿ ಅಂಗಳದಲ್ಲಿ ಓಡಾಡಿ ಗೊತ್ತಿರುವವರು ಬೇಕು.

ರಾಜ್ಯದಲ್ಲೇ ಇದನ್ನು ಸರಿಯಾಗಿ ಮಾಡಿದವರಿದ್ದಾರೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಅಂಕಿ ಕೂಡಿಡುವುದಕ್ಕೇ ನಿಲ್ಲದೆ ‘ವರುಣ ಮಿತ್ರ’ ಎಂಬ ಸಹಾಯವಾಣಿ ತೆರೆಯಿತು. ರೈತ ಫೋನ್ ಮಾಡಿ ಊರಿನ ಹೆಸರು ಹೇಳಿದರೆ ಆ ಕಡೆಯಿಂದ ಕನ್ನಡದಲ್ಲಿ ಮಳೆಯ ಮುನ್ಸೂಚನೆ ಹೇಳುತ್ತಾರೆ. ಗ್ರಾಫಿಲ್ಲ, ಡ್ಯಾಶ್‌ಬೋರ್ಡಿಲ್ಲ, ಒಂದು ದನಿ ಇದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿದ್ದ ಕೊಳ್ಳೇಗಾಲ ಶರ್ಮ ‘ಜಾಣ ಸುದ್ದಿ’ ಎಂಬ ವಿಜ್ಞಾನದ ಧ್ವನಿಪತ್ರಿಕೆಯನ್ನು ವಾಟ್ಸ್ಯಾಪ್‌ನಲ್ಲೇ ಕೇಳುಗರಿಗೆ ಹಂಚಿದರು. ಗುಬ್ಬಿ ಲ್ಯಾಬ್ಸ್‌ನವರು ಸಂಶೋಧನಾ ಸುದ್ದಿಗಳನ್ನು ಕನ್ನಡದಲ್ಲೂ ಬರೆಸಿದರು. ದಾವಣಗೆರೆಗೆ ಆಕಾಶವಾಣಿಯ ಭದ್ರಾವತಿ, ಚಿತ್ರದುರ್ಗ ಕೇಂದ್ರಗಳು ಹತ್ತಿರದಲ್ಲೇ ಇವೆ, ‘ಜನತಾವಾಣಿ’ಯಂಥ ಊರಿನದೇ ದಿನಪತ್ರಿಕೆ ಇದೆ. ದಾರಿ ಇಲ್ಲ ಎನ್ನುವಂತಿಲ್ಲ.

ಡೆಂಗಿ ವಿಷಯದಲ್ಲಂತೂ ತುರ್ತು ಇದೆ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿತು. ಕಾಯಿಲೆ ಎಲ್ಲಿ ಏರಬಹುದು ಎಂದು ಮುಂಚಿತವಾಗಿ ಅಂದಾಜಿಸುವ ಕೆಲಸದಲ್ಲಿ ಆರೋಗ್ಯ ಇಲಾಖೆಯೊಂದಿಗೆ ಆರ್ಟ್‌ಪಾರ್ಕ್ ಕೈಜೋಡಿಸಿದೆ. ಇಂಥ ಪಟದಲ್ಲಿ ದಾವಣಗೆರೆಯ ಒಂದು ವಾರ್ಡ್ ಕೆಂಪಾಯಿತು ಎಂದುಕೊಳ್ಳಿ. ಆ ವಾರ್ಡಿನ ಜನಕ್ಕೆ ‘ನೀರು ಶೇಖರಿಸಬೇಡಿ’ ಎನ್ನುವುದು ಸುಲಭ. ಆದರೆ ನಗರದ ನೀರು ಬರುವುದು ಹರಿಹರದ ಬಳಿಯ ರಾಜನಹಳ್ಳಿ ಜಾಕ್‌ವೆಲ್‌ನಿಂದ, ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದ. ನಲ್ಲಿಯಲ್ಲಿ ನೀರು ದಿನವೂ ಬಾರದ ಬಡಾವಣೆಯಲ್ಲಿ ಡ್ರಮ್ಮು ತುಂಬಿಡದೆ ವಿಧಿಯಿಲ್ಲ. ಅಲ್ಲಿಗೆ ಹೋಗುವ ಸಂದೇಶ ಬೇರೆಯೇ ಆಗಬೇಕು: ಡ್ರಮ್ಮಿಗೆ ಬಟ್ಟೆ ಬಿಗಿಯಿರಿ, ವಾರಕ್ಕೊಮ್ಮೆ ಉಜ್ಜಿ ಬರಿದು ಮಾಡಿ. ಅದರ ಜತೆಗೇ ಪಾಲಿಕೆಗೆ ಇನ್ನೊಂದು ಸಂದೇಶ ಹೋಗಬೇಕು: ನೀರು ಬಿಡುವ ದಿನಗಳ ಅಂತರಕ್ಕೂ ಜ್ವರಕ್ಕೂ ನಂಟಿದೆಯೇ, ಅಂಕಿ ಕೊಡಿ. ಮೊದಲನೆಯದನ್ನು ಆಶಾ ಕಾರ್ಯಕರ್ತೆ ಹೇಗೂ ಹೇಳುತ್ತಾಳೆ. ಎರಡನೆಯದನ್ನು ಕೇಳುವವರೇ ಇಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಸೇರಿದ ಊರಿನಲ್ಲಿ ಇಷ್ಟಾದರೂ ನಿರೀಕ್ಷಿಸಬಹುದು.

ಹಾಗಾಗಿ ಈ ಹುದ್ದೆಯ ಸ್ವರೂಪ ಸ್ಥೂಲವಾಗಿ ಹೀಗಿರಲಿ. ಹುದ್ದೆಗೆ ಬರುವವರು ಸಾರ್ವಜನಿಕ ಸಂಪರ್ಕಾಧಿಕಾರಿಯ ಕೋಣೆಯಲ್ಲಿ ಕೂರಬಾರದು, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ವಿಭಾಗದವರ ನಡುವೆ ಕೂರಬೇಕು. ಕನ್ನಡದಲ್ಲಿ ಬರೆಯಲು ಬರಬೇಕು, ಒಂದು ಪಟ್ಟಿಯನ್ನು ನೋಡಿ ಎಲ್ಲಿ ಎಡವಟ್ಟಿದೆ ಎಂದು ಹೇಳಲೂ ಬರಬೇಕು. ಇಂಥವರು ಸಿಗುವುದಿಲ್ಲ ಎನ್ನುವವರು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ಹಳ್ಳಿ ಕಡೆಯ ಹೆಣ್ಣುಮಕ್ಕಳನ್ನು ಒಮ್ಮೆ ಕರೆದು ಮಾತಾಡಿಸಲಿ. ವರ್ಷದ ಮೊದಲರ್ಧ ಅವರ ಕೆಲಸ ಹೇಳುವುದಲ್ಲ, ಕೇಳುವುದು: ಎಪಿಎಂಸಿಯಲ್ಲಿ, ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಸಭೆಯಲ್ಲಿ, ಜಿಲ್ಲಾಸ್ಪತ್ರೆಯಲ್ಲಿ, ಹರಿಹರದ ಕೈಗಾರಿಕಾ ಶೆಡ್ಡುಗಳಲ್ಲಿ ಜನ ಯಾವ ಲೆಕ್ಕಕ್ಕೆ ತಡಕಾಡುತ್ತಿದ್ದಾರೆ ಎಂದು ಪಟ್ಟಿ ಮಾಡಿ ಪ್ರಾಧ್ಯಾಪಕರ ಮುಂದೆ ಇಡುವುದು. 2023ರ ಬರದಲ್ಲಿ ಭದ್ರಾ ನಾಲೆಗೆ ನೂರು ದಿನ ಸತತ ನೀರು ಎಂದು ಮೊದಲು ಹೇಳಿ, ಮಳೆ ಕೈಕೊಟ್ಟ ಮೇಲೆ ಆನ್-ಆಫ್ ಪದ್ಧತಿಗೆ ಬದಲಾಯಿಸಿದಾಗ ದಾವಣಗೆರೆ ಕಡೆಯ ರೈತರು ಸಿಡಿದೆದ್ದರು. ಇರುವ ನೀರು ಎಷ್ಟು ದಿನಕ್ಕೆ ಬಂದೀತು ಎಂಬ ಲೆಕ್ಕವನ್ನು ಯಾರ ಪರವೂ ಅಲ್ಲದ ಸಂಸ್ಥೆಯೊಂದು ಜುಲೈನಲ್ಲೇ ಬಿಡಿಸಿ ಹೇಳಿದ್ದರೆ ಸಿಟ್ಟು ಇಲ್ಲವಾಗುತ್ತಿತ್ತು ಎಂದೇನಲ್ಲ. ಕನಿಷ್ಠ ಜಗಳ ಒಂದೇ ಅಂಕಿಯ ಮೇಲೆ ನಡೆಯುತ್ತಿತ್ತು.

ಆಕ್ಷೇಪಗಳು ಗೊತ್ತಿರುವಂಥವೇ. ಕಾಯಂ ಬೋಧಕರ ಹುದ್ದೆಗಳೇ ಖಾಲಿ ಬಿದ್ದಿರುವಾಗ, ಅತಿಥಿ ಉಪನ್ಯಾಸಕರ ಮೇಲೆ ವಿಭಾಗಗಳು ನಡೆಯುತ್ತಿರುವಾಗ ಇದೊಂದು ಐಷಾರಾಮಿ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಖಾಲಿ ಹುದ್ದೆ ತುಂಬಿ ಎಂದು ಊರೇ ದನಿ ಎತ್ತಬೇಕಾದರೆ ಆ ವಿಭಾಗದಿಂದ ತನಗೇನು ಸಿಗುತ್ತದೆ ಎಂದು ಊರಿಗೆ ಗೊತ್ತಿರಬೇಕಲ್ಲ. ಯುಬಿಡಿಟಿ ಎಂದರೆ ಹಳೆಯ ತಲೆಮಾರಿಗೆ ಇವತ್ತಿಗೂ ಅಭಿಮಾನ ಉಕ್ಕುತ್ತದೆ. ಅಲ್ಲಿ ಓದಿದ ಇಂಜಿನಿಯರುಗಳು ಕಟ್ಟಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಡೇಟಾದ ಕೆಲಸ ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ಯಾರೂ ಬಾಯಿಬಿಟ್ಟು ಹೇಳದ್ದು: ಅಪ್ರಿಯ ಅಂಕಿ ಬಂದರೆ? ತುಂಗಭದ್ರೆಯನ್ನೇ ತೆಗೆದುಕೊಳ್ಳಿ. ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದ ಆರಂಭದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂತು. 1980ರ ದಶಕದಲ್ಲಿ ನದಿಯ ಮಾಲಿನ್ಯದ ವಿರುದ್ಧ ಎದ್ದ ದನಿ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಹೋರಾಟ ಈ ಭಾಗದ ನೆನಪಿನಲ್ಲಿವೆ. ನದಿಗೆ ಇಳಿಯುವುದು ಕಾರ್ಖಾನೆಯದಷ್ಟೇ ಅಲ್ಲ, ಪಟ್ಟಣಗಳ ಚರಂಡಿಯೂ ಹೌದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದಿಪಾತ್ರಗಳಲ್ಲಿ ಕರ್ನಾಟಕದವು 17, ಅದರಲ್ಲಿ ತುಂಗಭದ್ರೆಯೂ ಇತ್ತು. ಸ್ನಾನಕ್ಕೆ ಯೋಗ್ಯ ಎನ್ನಲು ನೀರಿನ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಅಂದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಮೀನಿನ ಪಾಲಿನ ಆಮ್ಲಜನಕ ಕಬಳಿಸುವ ಪ್ರಮಾಣಕ್ಕೆ ಒಂದು ಗಡಿ. ಈ ಅಂಕಿಯನ್ನು ಹರಿಹರೇಶ್ವರ ದೇವಸ್ಥಾನಕ್ಕೆ ಬಂದು ಹೊಳೆಗಿಳಿಯುವ ಭಕ್ತನಿಗೆ ಕಾಣುವಂತೆ ತಿಂಗಳಿಗೊಮ್ಮೆ ಬರೆದು ಹಾಕುವುದು ಡೇಟಾ ತಂಡಕ್ಕೆ ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ಅಂಕಿ 3 ದಾಟಿದ ತಿಂಗಳಲ್ಲಿ.

ಆ ತಿಂಗಳಿಗೆ ನಿಯಮ ಮೊದಲೇ ಬರೆದಿಟ್ಟಿರಬೇಕು. ಸಿಂಡಿಕೇಟ್ ಒಪ್ಪಿದ ಎರಡು ಸಾಲು ಸಾಕು: ಲೆಕ್ಕ ತಪ್ಪಿಲ್ಲ ಎಂದು ವಿಭಾಗ ಖಚಿತಪಡಿಸಿದ ಇಂತಿಷ್ಟು ದಿನಗಳೊಳಗೆ ಫಲಿತಾಂಶ ಕನ್ನಡದಲ್ಲಿ ಹೊರಬರುತ್ತದೆ, ಹಣ ಕೊಟ್ಟ ಕಂಪನಿ, ಪಾಲಿಕೆ, ಇಲಾಖೆ ಅದನ್ನು ಮುಂಚೆ ನೋಡಬಹುದು, ತನ್ನ ಉತ್ತರ ಸೇರಿಸಬಹುದು, ತಡೆಯುವಂತಿಲ್ಲ. ಕುಲಸಚಿವರ ಸಹಿಗೆ ಕಾದು ಕಡತ ಮೇಜಿನಿಂದ ಮೇಜಿಗೆ ತಿರುಗುವ ಪದ್ಧತಿ ಕಾರ್ಯಾಗಾರದ ಫೋಟೊಗೆ ಇರಲಿ, ಹೊಳೆಯ ಅಂಕಿಗೆ ಬೇಡ. 2027ರ ಫೆಬ್ರುವರಿಯಲ್ಲಿ ಜನಗಣತಿಯ ಎಣಿಕೆ ಇದೆ. 2011ರಲ್ಲಿ ಸುಮಾರು 4.35 ಲಕ್ಷ ಇದ್ದ ದಾವಣಗೆರೆ, 83 ಸಾವಿರ ದಾಟಿದ್ದ ಹರಿಹರ ಈಗ ಎಷ್ಟಾಗಿವೆ ಎಂಬುದರ ಮೇಲೆ ನೀರು, ಬಸ್ಸು, ಶಾಲೆ ಎಲ್ಲವೂ ನಿಂತಿವೆ. ವಾರ್ಡುವಾರು ಅಂಕಿ ಹೊರಬಂದಾಗ ಅದನ್ನು ಬಿಡಿಸಿ ಹೇಳುವ ಮೊದಲ ಕರೆ ತೋಳಹುಣಸೆಗೆ ಹೋಗಬೇಕಾದರೆ, ಫೋನ್ ಎತ್ತುವವರ ನೇಮಕ ಅಷ್ಟರೊಳಗೆ ಆಗಬೇಕು.